ಮುಳ್ಳುಸೀಮೆಗೆ ಹೋದ ಹೊಗಳುಭಟ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲದಷ್ಟು ಹಿಂದೆ, ತುಂಬೆಪುರವೆಂಬ ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ಹಂಪಯ್ಯನೆಂಬ ಹೊಗಳುಭಟನಿದ್ದ. ರಾಜ ಆಕಳಿಸಿದರೆ ಸಿಂಹ ಗರ್ಜಿಸಿತು ಎನ್ನುವುದು ಅವನ ಕೆಲಸ. ರಾಜನಿಗೆ ಆಕಳಿಕೆ ಜಾಸ್ತಿ. ಹಂಪಯ್ಯನಿಗೆ ಬಿಡುವಿರಲಿಲ್ಲ.

ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ ದೇವೀರಮ್ಮ. ಅವಳ ಕೈ ಅಡುಗೆಗೆ ಹೆಸರಾಗಿತ್ತು, ಬಾಯಿ ಬೈಗುಳಕ್ಕೆ. ಒಂದು ದಿನ ಧೂಮಕಂಠನೆಂಬ ಮಾಂತ್ರಿಕ ಮೋಡದ ಮೇಲೆ ಹೋಗುತ್ತಿದ್ದವನು ಒಗ್ಗರಣೆಯ ಘಮ ಹಿಡಿದು ಕೆಳಗಿಳಿದು, ಸೌಟಿನ ಸಮೇತ ಅವಳನ್ನು ಎತ್ತಿಕೊಂಡು ಹೋದ. ರಾಜ ತೀವ್ರ ಸಂತಾಪ ಸೂಚಿಸಿದ. ಹಂಪಯ್ಯ ಬುತ್ತಿ ಕಟ್ಟಿಕೊಂಡು ಮೋಡ ಹೋದ ದಿಕ್ಕಿಗೆ ಹೊರಟ.

ಗುಡ್ಡ ಹತ್ತಿದ, ಹೊಳೆ ದಾಟಿದ, ಮುಳ್ಳುಸೀಮೆಗೆ ಬಂದ. ಊರಿನ ಮೊದಲ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಕೂತಿದ್ದಳು.

"ಬಾರೋ ದರಿದ್ರದವನೇ. ಆ ಮುಸುಡಿ ತೊಳ್ಕೊಂಡು ಉಣ್ಣೋಕೆ ಕೂತ್ಕೋ" ಎಂದಳು.

ಹಂಪಯ್ಯನಿಗೆ ಹಸಿವು ಎಷ್ಟಿತ್ತೆಂದರೆ ಅವಮಾನಕ್ಕೆ ಜಾಗವಿರಲಿಲ್ಲ. ಉಂಡ. ಉಂಡವನು ಅಭ್ಯಾಸಬಲದಿಂದ ಚಪ್ಪರದ ಕುಂಬಳಕಾಯಿ ನೋಡಿ, "ಆಹಾ ಅಜ್ಜಿ! ಹುಣ್ಣಿಮೆ ಚಂದ್ರನೇ ಬಳ್ಳಿಗೆ ಜೋತುಬಿದ್ದ ಹಾಗಿದೆ!" ಎಂದ.

ಕುಂಬಳಕಾಯಿ ನಿಂಬೆಕಾಯಿಯಷ್ಟಾಯಿತು.

"ಅಯ್ಯೋ ಕೊಲೆಗಾರ!" ಎಂದು ಅಜ್ಜಿ ಓಡಿ ಬಂದಳು. "ಏ ಹುಳುಕು ಕಾಯಿ, ಹಾಳು ಕಾಯಿ, ನಿನ್ನ ಪಲ್ಯ ನಾಯಿಯೂ ಮೂಸಲ್ಲ!" ಎಂದು ಅದನ್ನು ಬೈದಳು. ಕಾಯಿ ಉಬ್ಬಿ ಮೊದಲಿನಂತಾಯಿತು.

"ನಮ್ಮ ಸೀಮೇಲಿ ಹೊಗಳಿದ್ದು ಕುಗ್ಗುತ್ತೆ, ಬೈದಿದ್ದು ಬೆಳೆಯುತ್ತೆ. ಮನುಷ್ಯರೂ ಅಷ್ಟೇ."

"ಹಾಗಿದ್ರೆ ನೀವೆಲ್ಲ ತಾಳೆಮರದಷ್ಟು ಎತ್ತರ ಇರ್ಬೇಕಿತ್ತಲ್ಲ?"

"ತಲೆ ಬಾಗಿಲಿಗೆ ತಾಗೋ ಹೊತ್ತಿಗೆ ಮನೆಯವರೇ ಯಾರಾದರೂ ಒಂದು ಒಳ್ಳೆ ಮಾತಾಡ್ತಾರೆ. ಆಡೋರಿಗೆ ಕಷ್ಟ. ಆದರೂ ಆಡ್ತಾರೆ."

ಬೆಳಿಗ್ಗೆ ಊರಿನವರೆಲ್ಲ ಕಟ್ಟೆಯ ಹತ್ತಿರ ಸೇರಿ ಎದುರಿನ ಬೆಟ್ಟದ ಕಡೆ ತಿರುಗಿ, "ಎಲಾ ಧೂಮಕಂಠ, ಪಾಪಿ, ನೀಚ, ಹೊಟ್ಟೆಬಾಕ!" ಎಂದು ಕೂಗಿದರು. ಬೆಟ್ಟದ ಹಿಂದಿನಿಂದ ಒಂದು ಬೋಳುತಲೆ ಸೂರ್ಯನಂತೆ ಮೇಲೆದ್ದಿತು.

"ನೀವು ಬೈದೇ ಅವನು ಬೆಳೀತಿರೋದು ಅಂತ ಗೊತ್ತಿಲ್ವೇ?" ಎಂದು ಹಂಪಯ್ಯ ಊರಗೌಡನನ್ನು ಕೇಳಿದ.

"ಗೊತ್ತಪ್ಪಾ. ಆದ್ರೆ ಅಂಥವನನ್ನ ಹೊಗಳೋಕಾಗುತ್ತಾ? ನಮಗೂ ಮರ್ಯಾದೆ ಇದೆ. ಬೈದ್ರೆ ಅಂಬಲಿ ಸಲೀಸಾಗಿ ಇಳಿಯುತ್ತೆ." ಗೌಡ ಬಾಯಿ ಒರೆಸಿಕೊಂಡ. "ಪಾಪ, ಆ ಅಡುಗೆಯವಳ ಕತೆ ಇವತ್ತಿಗೆ ಮುಗೀತು. ಮಧ್ಯಾಹ್ನದ ಊಟ ಸಾಲದಿದ್ರೆ ಅವಳನ್ನೇ ತಿಂತೀನಿ ಅಂದಿದಾನೆ."

ಹಂಪಯ್ಯ ಬೆಟ್ಟದ ಕಡೆ ಓಡಿದ.

ಬೆಟ್ಟದ ಬುಡದಲ್ಲಿ ಎರಡು ತಲೆಯ ಹುಲಿ ಕಾವಲಿತ್ತು. "ಹುಲಿರಾಯರೇ! ಏನು ಪಟ್ಟೆ, ಏನು ಮೀಸೆ, ಅದೂ ಎರಡೆರಡು ಜೊತೆ!" ಎಂದ. ಇಂಥ ಮಾತು ಹುಲಿ ಹಿಂದೆ ಕೇಳಿರಲಿಲ್ಲ. ಪೂರ್ತಿ ಕೇಳಲೆಂದು ಕೂತಿತು. ಕೇಳಿ ಮುಗಿಯುವಷ್ಟರಲ್ಲಿ ಬೆಕ್ಕಿನ ಮರಿಯಾಗಿ ಎರಡೂ ಬಾಯಲ್ಲಿ ಮಿಯಾಂವ್ ಎಂದಿತು.

ಬೆಟ್ಟದ ಮೇಲೆ ದೇವೀರಮ್ಮ ಏಣಿ ಹತ್ತಿ ಕೊಪ್ಪರಿಗೆ ತಿರುವುತ್ತಿದ್ದಳು. "ಎಷ್ಟು ಸುರಿದ್ರೂ ತುಂಬದ ಹೊಟ್ಟೆ! ನಿನ್ನ ಬಾಯಿಗೆ ಮಣ್ಣು ಹಾಕ!" ಎಂದಳು. ಧೂಮಕಂಠ ಇನ್ನೊಂದಾಳುದ್ದ ಬೆಳೆದು, ಕೊಪ್ಪರಿಗೆಯನ್ನು ಲೋಟದಂತೆ ಎತ್ತಿ ಕುಡಿದ.

"ಸಾಲಲಿಲ್ಲ" ಎಂದ. ಅವಳತ್ತ ಕೈ ಚಾಚಿದ.

"ಅಕ್ಕಾ, ಬೈಬೇಡ!" ಎಂದು ಹಂಪಯ್ಯ ಕೂಗಿದ.

"ನೀನ್ಯಾಕೆ ಬಂದೆಯೋ, ಕೆಲಸಕ್ಕೆ ಬಾರದವನೇ?"

ಹಂಪಯ್ಯ ಗೇಣುದ್ದ ಬೆಳೆದ. ಬೆಳೆದ ಗಂಟಲಿನಿಂದಲೇ ಶುರು ಮಾಡಿದ. "ಮಹಾಪ್ರಭೂ! ತಮ್ಮ ತೇಗು ಗುಡುಗಿಗೆ ಗುರು! ತಮ್ಮ ಬೋಳುತಲೆ ಬ್ರಹ್ಮಾಂಡಕ್ಕೆ ಕನ್ನಡಿ!" ಹೊಗಳಿಕೆ ನಿಜವೋ ಸುಳ್ಳೋ ಎಂದು ಯಾವ ಅರಮನೆಯಲ್ಲೂ ಪರೀಕ್ಷಿಸುವುದಿಲ್ಲ. ಮುಳ್ಳುಸೀಮೆಯ ಮಾಯೆಯೂ ಪರೀಕ್ಷಿಸಲಿಲ್ಲ. ಧೂಮಕಂಠ ತೆಂಗಿನಮರದಷ್ಟಾದ, ಮನುಷ್ಯನಷ್ಟಾದ, ಒರಳುಕಲ್ಲಿನಷ್ಟಾದ. ಆಗ ಅವನಿಗೆ ತಾನು ಕುಗ್ಗುತ್ತಿರುವುದು ಗೊತ್ತಾಯಿತು.

"ನಾನು ನೀಚ! ಕಳ್ಳ!" ಎಂದು ತನ್ನನ್ನೇ ಬೈದುಕೊಂಡು ಉಬ್ಬಿದ.

"ಆಹಾ, ಎಂಥ ವಿನಯ!" ಎಂದ ಹಂಪಯ್ಯ. ಮಾಂತ್ರಿಕ ಕುಗ್ಗಿದ.

"ನಾನು ಹಂದಿ!"

"ಎಂಥ ಸತ್ಯಸಂಧ!"

ಮಾಂತ್ರಿಕ ಕಮ್ಮಾರನ ತಿದಿಯಂತೆ ಉಬ್ಬಿದ, ತಗ್ಗಿದ. ಕೊನೆಗೆ ಹಂಪಯ್ಯನ ಗಂಟಲು ಕಟ್ಟಿತು. ಧೂಮಕಂಠ ಮತ್ತೆ ಮರದಷ್ಟಾದ.

"ಅಕ್ಕಾ," ಹಂಪಯ್ಯ ಪಿಸುಗುಟ್ಟಿದ, "ನೀನೂ ಒಂದು ಒಳ್ಳೆ ಮಾತಾಡು."

"ನಾನಾ? ಇವನಿಗಾ?" ಹುಟ್ಟಿದಾಗಿನಿಂದ ಅವಳು ಯಾರನ್ನೂ ಹೊಗಳಿದವಳಲ್ಲ. ಮಾಂತ್ರಿಕನ ಕೈ ಹತ್ತಿರ ಬಂತು. ಅವಳು ಸೌಟು ಕೆಳಗಿಟ್ಟು ಯೋಚಿಸಿದಳು. "ಒಂದಂತೂ ಹೇಳ್ಬೇಕು. ಉಂಡ ತಟ್ಟೆ ತಾನೇ ತೊಳೆದಿಡ್ತಿದ್ದ. ನಮ್ಮನೆ ಗಂಡಸರು ಯಾರೂ ತೊಳೆದದ್ದಿಲ್ಲ."

ಧೂಮಕಂಠನ ಕೈ ಅಲ್ಲೇ ನಿಂತಿತು. "ನೀನು ಅದನ್ನ ನೋಡಿದ್ಯಾ?"

"ನೋಡದೇ ಏನು? ನೀನು ಅಂಚೂ ಉಜ್ಜುತ್ತಿದ್ದೆ."

ಅವನಿಗೆ ಬೈದುಕೊಳ್ಳಲು ಮರೆತೇಹೋಯಿತು. ಗುಂಗುರು ಸೊಳ್ಳೆಯಷ್ಟಾದ. ಗಾಳಿ ಅವನನ್ನು ಎತ್ತಲೋ ಒಯ್ದಿತು.

ಬೆಟ್ಟ ಇಳಿಯುವಾಗ ದಾರಿಯುದ್ದಕ್ಕೂ ದೇವೀರಮ್ಮ ತಮ್ಮನನ್ನು ಬೈದಳು. ತಡವಾಗಿ ಬಂದದ್ದಕ್ಕೆ, ತೆಳ್ಳಗಾದದ್ದಕ್ಕೆ, ಹರಿದ ಪಂಚೆಗೆ. ಅಜ್ಜಿಯ ಮನೆ ತಲುಪುವಷ್ಟರಲ್ಲಿ ಅವನು ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಒಳಗೆ ಎಲೆ ಹಾಕಿಯಾಗಿತ್ತು.

"ಮನೆಯವರೇ ಹೇಳ್ಬೇಕು" ಎಂದು ಅಜ್ಜಿ ದೇವೀರಮ್ಮನನ್ನು ನೋಡಿದಳು.

ದೇವೀರಮ್ಮ ಅತ್ತ ನೋಡಿದಳು, ಇತ್ತ ನೋಡಿದಳು, ಸೆರಗು ಸರಿಮಾಡಿಕೊಂಡಳು. "ಬಂದನಲ್ಲ" ಎಂದಳು. "ರಾಜ ಬರಲಿಲ್ಲ, ಸೇನೆ ಬರಲಿಲ್ಲ. ಇವನು ಬಂದ."

ಹಂಪಯ್ಯ ಬಾಗಿಲಿಗೆ ಸರಿಯಾಗಿ ಹಿಡಿಸುವಷ್ಟಾಗಿ ಒಳಗೆ ಬಂದ. ಎಲ್ಲರೂ ಉಂಡರು. ಅವನ ಎಲೆ ಅವನೇ ಎತ್ತಿದ.

ಇಬ್ಬರೂ ತುಂಬೆಪುರಕ್ಕೆ ಮರಳಿ ಸುಖವಾಗಿದ್ದರು. ಮುಳ್ಳುಸೀಮೆಯವರೂ ಸುಖವಾಗಿದ್ದರು. ಆದರೆ ಬೆಳಗಿನ ಅಂಬಲಿ ಇಳಿಸಲು ಯಾರಾದರೂ ಬೇಕಿತ್ತಲ್ಲ, ಅವರು ತುಂಬೆಪುರದ ರಾಜನನ್ನು ಬೈಯತೊಡಗಿದರು. ದೂರ ಹೆಚ್ಚು, ಹಾಗಾಗಿ ರಾಜನ ಹೊಟ್ಟೆ ಮಾತ್ರ ಬೆಳೆಯಿತು.