ಪಟ್ಟೆರಾಣಿಯ ಮೂರು ಮರಿಗಳು

“ಈ ಮೀನಿನ ಒಂದೇ ಒಂದು ಮರಿ ಬೆಳೆಸಿ ತೋರಿಸಿ ಮೇಡಂ... ಅವತ್ತೇ ನಾನು ಮೀನು ಹಿಡಿಯೋದು ಬಿಡ್ತೀನಿ. ಮಾತು ಅಂದ್ರೆ ಮಾತು!”

ಆರು ವರ್ಷಗಳ ಹಿಂದೆ, ಅವಳ ಅಕ್ವೇರಿಯಂ ಅಂಗಡಿಯ ಬಾಗಿಲಲ್ಲಿ ಒದ್ದೆ ತಲೆಯಲ್ಲೇ ನಿಂತು ಅವನು ಕೊಟ್ಟ ಮಾತಿದು. ಕಡಲಲ್ಲಿ ಮುಳುಗಿ ಬಣ್ಣದ ಮೀನು ಹಿಡಿದು ಮಾರುವವನು ಅವನು. ಕೈಯಲ್ಲಿದ್ದ ಚೀಲದೊಳಗೆ ಅಪರೂಪದ ಪಟ್ಟೆರಾಣಿ ಮೀನಿನ ಜೋಡಿಯೊಂದು ಒದ್ದಾಡುತ್ತಿತ್ತು.

“ಹತ್ತು ಹಿಡಿದ್ರೆ ಎಂಟು ದಾರೀಲೇ ಸಾಯ್ತವೆ. ನಾಚಿಕೆ ಆಗಲ್ವಾ?” ಎಂದು ಮೊದಲ ಭೇಟಿಯಲ್ಲೇ ಅವಳು ಅವನನ್ನು ತರಾಟೆಗೆ ತೆಗೆದುಕೊಂಡಿದ್ದಳು. ಅದಕ್ಕೇ ಈ ಸವಾಲು.

ಅವಳು ಜಗ್ಗಲಿಲ್ಲ. ಆ ಜೋಡಿಯನ್ನು ಕೊಂಡು ತೊಟ್ಟಿಗೆ ಬಿಟ್ಟಳು. ದಿನವೂ ನೀರಿನ ಉಪ್ಪು ಅಳೆದಳು, ಬೆಳಕು ತಾಗದಂತೆ ತೊಟ್ಟಿಗೆ ಕಪ್ಪು ಬಟ್ಟೆ ಸುತ್ತಿದಳು. ರೆಪ್ಪೆಗೂದಲಿನಷ್ಟು ಸಣ್ಣ ಮರಿಗಳು ಪ್ರತಿ ಸಲವೂ ಹದಿನೆಂಟನೇ ದಿನ ಸತ್ತವು. ಆಗೆಲ್ಲ ಅವನು ಬಂದು ಖಾಲಿ ತೊಟ್ಟಿಯನ್ನೇ ನೋಡುತ್ತಾ ಕೂರುತ್ತಿದ್ದ.

‘ಸೋತೆ ಅಂತ ಅಣಕಿಸಬಾರದಾ ಇವನು? ಅಣಕಿಸಲ್ವಲ್ಲ...’

ಈ ಸಲ ಮೊಟ್ಟೆಯೊಡೆದು ಮರಿಗಳು ಬಂದಾಗ ಅವಳ ಅಮ್ಮ ದಿನಾ ಬೆಳಿಗ್ಗೆ ಬಾಟಲಿ ತುಂಬ ಕಡಲ ಮೇವು ತರತೊಡಗಿದಳು. ಕಣ್ಣಿಗೇ ಕಾಣದ ಜೀವಂತ ಹುಳುಗಳು!

“ಎಲ್ಲಿಂದ ತಂದೆ ಅಮ್ಮಾ?”

“ಮೊದಲು ಮಕ್ಕಳಿಗೆ ಊಟ ಹಾಕು. ವಿಚಾರಣೆ ಆಮೇಲೆ!”

ಮೂರು ಮರಿ ಉಳಿದವು. ಅರವತ್ತನೇ ದಿನ ಮೈಮೇಲೆ ಪಟ್ಟೆ ಮೂಡಿತು! ಅವಳು ಅವನಿಗೆ ಫೋನಿನಲ್ಲೇ ಕೂಗಿ ಹೇಳಿದಳು, “ಬಲೆ ಎತ್ತಿಡಿ ಸ್ವಾಮೀ!”

“ಎತ್ತಿಟ್ಟೆ,” ಎಂದ.

ಮೂರನೇ ಬೆಳಿಗ್ಗೆ ಅವನು ಒದ್ದೆ ಬಲೆ ಹೆಗಲಿಗೇರಿಸಿ ದೋಣಿಯಿಂದ ಇಳಿಯುವುದನ್ನು ಅವಳು ಕಣ್ಣಾರೆ ಕಂಡಳು.

“ನಿಮ್ಮ ಮಾತಿಗೆ ಮೂರೇ ದಿನದ ಆಯಸ್ಸಾ?”

ಸಿಟ್ಟಿನಲ್ಲಿ ಬಲೆ ಕಿತ್ತುಕೊಂಡಳು... ಬೆರಳಿಗೆ ಬಲೆಯ ತೂತುಗಳೇ ಸಿಗಲಿಲ್ಲ. ಬಲೆಯಲ್ಲ, ತೆಳು ಬಟ್ಟೆ! ಇದರಲ್ಲಿ ಮೀನು ಹಿಡಿಯಲಾಗದು. ಕಡಲ ನೀರಿನಿಂದ ಮರಿಗಳ ಮೇವನ್ನು ಮಾತ್ರ ಸೋಸಬಹುದು.

“ಆ ಬಾಟಲಿ... ನೀವಾ?”

“ನಾನು ತಂದಿದ್ದು ಅಂದಿದ್ರೆ ಮುಟ್ತಿದ್ರಾ?”

“ಇಲ್ಲ.”

“ನಿಮ್ಮಮ್ಮನೂ ಅದನ್ನೇ ಅಂದ್ರು. ‘ನನ್ನ ಮಗಳಿಗೆ ಮೂಗಿನ ತುದೀಲೇ ಕೋಪ, ನಿನ್ನ ಹೆಸರು ಎತ್ಬೇಡಪ್ಪ’ ಅಂತ.”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. “ಹಾಗಾದ್ರೆ ಗೆದ್ದಿದ್ದು ನಾನಲ್ಲ...”

“ಆರು ವರ್ಷ ಸೋತ್ರೂ ಬಿಡದೇ ಇದ್ದಿದ್ದು ಯಾರು? ನಾನು ಬರೀ ಬುತ್ತಿ ಹೊತ್ತೋನು. ದೋಣಿ ದೋಣಿಗೂ ಹೇಳ್ಕೊಂಡು ಬಂದಿದೀನಿ, ನಮ್ಮೋಳು ಸಾಧಿಸಿದ್ಲು ಅಂತ!”

“ನಮ್ಮೋಳಾ?”

ಅವನ ಕಿವಿ ಕೆಂಪಾಯಿತು. “ಬಾಯಿ ತಪ್ಪಿ ಬಂತು. ಆದ್ರೆ... ವಾಪಸ್ ತಗೊಳ್ಳಲ್ಲ.”

“ತಗೋಬೇಡ,” ಎಂದಳು, ತಲೆಯೆತ್ತಿ. “ನಡಿ, ಮರಿಗಳು ಹಸಿದಿವೆ.”

ಅವನು ಮತ್ತೆಂದೂ ಮೀನು ಹಿಡಿಯಲಿಲ್ಲ. ಕೊಟ್ಟ ಮಾತು ಉಳಿಯಿತು.