ಎದುರು ಕೂತವನ ಬಲಗಾಲು

ಡಬ್ಬದಿಂದ ಕೃತಕ ಕಾಲನ್ನು ಹೊರತೆಗೆದ ತಂತ್ರಜ್ಞ ಅದನ್ನೊಮ್ಮೆ, ಬೆಂಚಿನ ಮೇಲಿದ್ದ ನೇಕಾರನನ್ನೊಮ್ಮೆ ನೋಡಿದರು. ಬಂದದ್ದು ಎಡಗಾಲು. ನೇಕಾರನಿಗೆ ಇಲ್ಲದ್ದು ಬಲಗಾಲು.

"ಅಂದ್ರೆ ನಂಗೀಗ ಎರಡು ಎಡಗಾಲು," ಎಂದ ಅವನು. "ಕುಣಿಯೋಕೆ ಮಾತ್ರ ಕರೀಬೇಡಿ."

ನೋಂದಣಿ ಮೇಜಿನವಳಿಗೆ ನಗು ಬರಲಿಲ್ಲ. ಅಳತೆ ತೆಗೆದ ದಿನ ಕಂಪ್ಯೂಟರಿಗೆ ವಿವರ ತುಂಬಿದವಳು ಅವಳೇ. ಎದುರು ಕೂತವನ ಕಾಲು ತನ್ನ ಎಡಗೈ ಕಡೆ ಕಂಡಿತ್ತು, ಎಡ ಎಂದೇ ತುಂಬಿಬಿಟ್ಟಿದ್ದಳು. ದೂರದಲ್ಲಿ ಕಾಲು ಮಾಡುವವರು ನಂಬುವುದು ಅವಳ ಫಾರ್ಮನ್ನು ಮಾತ್ರ. ನಾಲ್ಕು ತಿಂಗಳಿಂದ ಅವನ ಮಗ್ಗ ನಿಂತಿತ್ತು. ಅಷ್ಟರಲ್ಲಿ ಅವನು ಊರುಗೋಲೂರಿಕೊಂಡು ಹತ್ತು ಸಲ ವಿಚಾರಿಸಲು ಬಂದಿದ್ದ. ಫೋನಿನಲ್ಲೇ ಕೇಳಬಹುದು ಎಂದು ಅವಳೂ ಹೇಳಿರಲಿಲ್ಲ.

ತಂತ್ರಜ್ಞ ದನಿ ತಗ್ಗಿಸಿದರು. "ಅರ್ಜಿದಾರರೇ ತಪ್ಪು ಹೇಳಿದ್ರು ಅಂತ ಹಾಕಮ್ಮ. ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ."

"ಹಾಗೆ ಹಾಕಿದ್ರೆ ಅವರು ಮತ್ತೆ ಸಾಲಿನ ಕೊನೆಗೆ ಹೋಗ್ತಾರೆ, ಮಾಮ. ಇನ್ನೂ ನಾಲ್ಕು ತಿಂಗಳು. ಕಚೇರಿ ತಪ್ಪು ಅಂದ್ರೆ ಮೂರೇ ವಾರ."

"ಹಾಕಿಬಿಡಿ," ಎಂದ ನೇಕಾರ. "ಕಾಯೋದು ನಂಗೆ ರೂಢಿ ಆಗಿದೆ."

ಮುಖ ನಗುತ್ತಿತ್ತು. ಊರುಗೋಲು ಹಿಡಿದ ಬೆರಳ ಗೆಣ್ಣುಗಳು ಮಾತ್ರ ಬೆಳ್ಳಗಾಗಿದ್ದವು.

ಅವಳು ಟೈಪ್ ಮಾಡಿದಳು: ನೋಂದಣಿ ಗುಮಾಸ್ತೆಯ ತಪ್ಪು. ಆಮೇಲೆ ಹೊಸ ಫಾರ್ಮು ಹಿಡಿದು, ಮೇಜು ಸುತ್ತಿ ಬಂದು, ಅವನ ಪಕ್ಕದಲ್ಲೇ ಕೂತಳು. ಈಗ ಇಬ್ಬರ ಬಲವೂ ಒಂದೇ ಕಡೆಗಿತ್ತು.

"ಇದು ತಾನೆ?"

"ಅದೇ," ಎಂದ ಅವನು, ಕಾಲಿನ ಕಡೆ ನೋಡದೆ.

ಮೂರನೇ ವಾರ ಕಾಲು ಬಂತು. ಅವನು ಕಂಬಿ ಹಿಡಿದು ನಾಲ್ಕು ಹೆಜ್ಜೆ ಹಾಕಿದ, ಕಂಬಿ ಬಿಟ್ಟು ಎರಡು. ಬೆವರೊರೆಸಿಕೊಳ್ಳುತ್ತ ಅವಳ ಮೇಜಿನವರೆಗೂ ನಡೆದು ಬಂದ.

"ನಿಮ್ಮ ಕೆಲಸ ಕಾಯಂ ಆಗೋದು ಒಂದು ವರ್ಷ ಮುಂದೆ ಹೋಯ್ತಂತೆ. ಮಾಮ ಅಂದ್ರು."

"ಮಾಮನ ಬಾಯಲ್ಲಿ ಏನೂ ನಿಲ್ಲಲ್ಲ."

"ಥ್ಯಾಂಕ್ಸ್ ಅಂದ್ರೆ ತೀರಾ ಸಣ್ಣದಾಗುತ್ತೆ."

"ತಪ್ಪು ಮಾಡಿದವಳಿಗೆ ಥ್ಯಾಂಕ್ಸಾ?"

"ತಪ್ಪಿಗಲ್ಲ. ಪಕ್ಕ ಬಂದು ಕೂತಿದ್ದಕ್ಕೆ." ಅವನು ತಡವರಿಸಿದ. "ಯಾವಾಗ್ಲೂ ಹಾಗೇ ಕೂತಿರ್ತೀರಾ ಅಂತ... ನಿಮ್ಮಮ್ಮನ್ನ ಕೇಳೋಕೆ ಬರ್ಲಾ?"

"ಮೊದಲು ನನ್ನ ಕೇಳ್ಬೇಕಪ್ಪ."

"ಮತ್ತೆ ಈಗ ಕೇಳಿದ್ದು ಯಾರನ್ನ?"

ಅವಳ ಕಿವಿ ಕೆಂಪಾಯಿತು. ಆಚೆ ಮಾಮ ಬೇಕೆಂದೇ ಕೆಮ್ಮಿದರು.

"ನಮ್ಮನೆಗೆ ಹದಿನೆಂಟು ಮೆಟ್ಟಿಲು," ಎಂದಳು ಅವಳು. "ಭಾನುವಾರ ಬನ್ನಿ. ನಿಧಾನಕ್ಕೆ ಹತ್ತೋಣ, ನಾನು ಕೆಳಗೇ ನಿಂತಿರ್ತೀನಿ."