ಹೊಡೆದುಹಾಕಿದ ಎರಡು ಹೆಸರು

"ನಿಮ್ಮಣ್ಣನ ಹೆಸರು ನನಗೆ ಬೇಕು."

ಬಿಂಡಿಗನವಿಲೆ ನಾಡಕಚೇರಿಯ ಕಿಟಕಿಯಾಚೆ ನಿಂತವನು ಹಾಗೆಂದಾಗ ಅರ್ಪಿತಳ ಬೆರಳು ಕೀಬೋರ್ಡಿನ ಮೇಲೇ ನಿಂತುಬಿಟ್ಟಿತು.

ಜಾತಿ ಪ್ರಮಾಣಪತ್ರ ಕೇಳುವವರನ್ನು ದಿನವೂ ನೋಡುತ್ತಿದ್ದಳು. ಇಂಥದ್ದನ್ನು ಯಾರೂ ಕೇಳಿರಲಿಲ್ಲ.

"ಏನಂದ್ರಿ?"

"ನಾನು ನಾಗೇಂದ್ರ, ಶ್ರೀರಂಗಪಟ್ಟಣದವನು. ದೆಹಲೀಲಿ ಒಬ್ಬ ಸಂಸದರಿಗೆ ಭಾಷಣ ಬರೆದುಕೊಡ್ತೀನಿ. ನೆರೆ ದೇಶಗಳ ಸಂಸದರೆಲ್ಲ ಒಂದು ಕಡೆ ಸೇರ್ತಿದ್ದಾರೆ. ಗಡೀಲಿ ಹೂತಿರೋ ನೆಲಬಾಂಬುಗಳನ್ನ ಎರಡೂ ದೇಶ ಸೇರಿ ತೆಗೀಬೇಕು ಅಂತ ನಮ್ಮ ಸಾಹೇಬರು ಕೇಳ್ತಾರೆ. ಅಂಕಿ ಸಂಖ್ಯೆ ಹೇಳಿದ್ರೆ ಆಕಳಿಸ್ತಾರೆ. ಹೆಸರು ಹೇಳಿದ್ರೆ ಕೇಳ್ತಾರೆ."

ಹೆಸರು! ಮಂಜುನಾಥ. ಎರಡು ವರ್ಷದ ಹಿಂದೆ ಗಡಿಯಲ್ಲಿ ಗಸ್ತು ತಿರುಗುವಾಗ ನೆಲಬಾಂಬ್ ತುಳಿದು ಸತ್ತ ಅಣ್ಣ. ಪೆಟ್ಟಿಗೆಯ ಮುಚ್ಚಳ ತೆಗೆಯಲು ಬಿಟ್ಟಿರಲಿಲ್ಲ...

"ಸತ್ತೋದವ್ನ ಎಸ್ರೇಳಿ ನಿಮ್ ಸಾಯೇಬ್ರು ಚಪ್ಪಾಳೆ ತಟ್ಟುಸ್ಕಬೇಕಾ?"

"ಹೌದು. ಚಪ್ಪಾಳೆ ಬಿದ್ರೆ ಬಾಂಬ್ ತೆಗೀಬಹುದು."

ನಯವಾಗಿ ಮಾತಾಡಿದ್ದರೆ ಓಡಿಸಿಬಿಡುತ್ತಿದ್ದಳು. ಈ ಒರಟು ಮಾತು ಕೇಳಿ ಮನೆಯ ವಿಳಾಸ ಬರೆದುಕೊಟ್ಟಳು. ಅಂದೇ ಸಂಜೆ ಅವ್ವ ಪುಟ್ಟತಾಯಮ್ಮ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು. ಪಕ್ಕದಲ್ಲಿ ಅರ್ಪಿತ ಸಹಿ ಹಾಕಿದಳು.

ಆಮೇಲೂ ಅವನು ಬಂದ. ಮಂಜುನಾಥ ಯಾವ ಕುರಿಗೆ ಏನೆಂದು ಹೆಸರಿಟ್ಟಿದ್ದ ಅಂತ ಕೇಳಿಕೊಂಡು ಬಂದ. ಕೇಳುವುದು ಮುಗಿದ ಮೇಲೂ ಬಂದ. ಒಂದು ಭಾನುವಾರ ಶ್ರೀರಂಗಪಟ್ಟಣದಲ್ಲಿ, ಕಾವೇರಿಯ ಮೆಟ್ಟಿಲ ಮೇಲೆ ಕೂತು, "ಸಮ್ಮೇಳನ ಮುಗಿಸ್ಕೊಂಡು ಬಂದು ನಿಮ್ಮವ್ವನ್ನ ಕೇಳ್ತೀನಿ" ಅಂದ.

"ಏನ ಕೇಳ್ತೀರ?" ಗೊತ್ತಿದ್ದೂ ಕೇಳಿದಳು.

"ನಿನ್ನ."

ಅವಳ ಕಿವಿ ಬಿಸಿಯಾಗಿತ್ತು!

ಸಮ್ಮೇಳನದ ದಿನ ಶಾಲೆಯ ಟೀವಿಯ ಮುಂದೆ ಅರ್ಧ ಊರೇ ಸೇರಿತ್ತು. ಅವ್ವ, ಮಗ ತಂದುಕೊಟ್ಟಿದ್ದ ಹೊಸ ಸೀರೆಯುಟ್ಟು ಮುಂದಿನ ಬೆಂಚಿನಲ್ಲಿ ಕೂತಳು. ಸಂಸದರು ಮಾತಾಡಿದರು. ಶಾಂತಿ ಬಂತು, ಭದ್ರತೆ ಬಂತು, ನೆಲಬಾಂಬೂ ಬಂತು...

"ಈಗ ಬತ್ತದೆ, ಸುಮ್ಕಿರಿ" ಅಂತ ಅವ್ವ ಎಲ್ಲರನ್ನೂ ಗದರಿದಳು.

ಬರಲಿಲ್ಲ. ಭಾಷಣ ಮುಗಿದೇಹೋಯಿತು.

"ಏನಕ್ಕಾ, ನಿನ್ ಮಗನ್ನ ಕಟ್ ಮಾಡ್ಬುಟ್ರಲ್ಲ!" ಪಕ್ಕದ ಮನೆಯ ಚಿಕ್ಕಸ್ವಾಮಿ ನಕ್ಕ.

ಅವ್ವ ಮನೆಗೆ ಬಂದು ಸೀರೆ ಬಿಚ್ಚಿ ಮಡಿಚಿಟ್ಟಳು. ಮತ್ತೆಂದೂ ಉಡಲಿಲ್ಲ.

ನಾಗೇಂದ್ರ ಫೋನ್ ಎತ್ತಲಿಲ್ಲ. ಎರಡು ದಿನ ಬಿಟ್ಟು ಒಂದು ಮೆಸೇಜು ಬಂತು: 'ತಪ್ಪಾಯ್ತು.' ಅಷ್ಟೇ! ಅರ್ಪಿತ ಅವನ ನಂಬರನ್ನು ಬ್ಲಾಕ್ ಮಾಡಿದಳು.

'ಒಂದು ಸಹಿಗೋಸ್ಕರ ಪ್ರೀತಿ ಮಾಡ್ದ. ಅಣ್ಣನ ಎಸ್ರು ಬ್ಯಾಡಾಯ್ತು, ನಾನೂ ಬ್ಯಾಡಾದೆ.'

ಒಂದು ವರ್ಷ ಅವಳು ಇದನ್ನೇ ನುಂಗಿಕೊಂಡು ಬದುಕಿದಳು.

ಇವತ್ತು ಅದೇ ಕಿಟಕಿ. ಸರದಿಯಲ್ಲಿ ಆರು ಜನರ ಹಿಂದೆ ನಿಂತು, ತನ್ನ ಪಾಳಿ ಬಂದಾಗ ನಾಗೇಂದ್ರ ಒಂದು ಹಾಳೆ ಒಳಗೆ ತಳ್ಳಿದ.

"ಯಾವ್ ಸರ್ಟಿಫಿಕೇಟು?" ಅವಳು ತಲೆಯೆತ್ತಲಿಲ್ಲ.

"ನೋಡು."

ಎರಡೂ ದೇಶದ ಸಂಸದರು ಸಹಿ ಹಾಕಬೇಕಿದ್ದ ಜಂಟಿ ಹೇಳಿಕೆಯ ಕರಡು. ಅದರಲ್ಲಿ ಎರಡು ಹೆಸರು, ಒಂದು ಮಂಜುನಾಥನದು. ಎರಡರ ಮೇಲೂ ಒಂದೇ ನೀಲಿ ಪೆನ್ನಿನ ಗೆರೆ.

"ಆ ಕಡೆಯವರೂ ಒಂದು ಹೆಸರು ತಂದಿದ್ರು. ಕುರಿ ಕಾಯೋ ಹುಡುಗ, ಅವನೂ ಬಾಂಬ್ ತುಳಿದು ಸತ್ತವನು. ನೀವು ತಂದಿರೋ ಹೆಸರು ನಮ್ಮ ಮೇಲೆ ಆರೋಪ ಅಂದ್ರು ಅವರು. ನಿಮ್ಮದೂ ಅಷ್ಟೇ ಅಂದ್ರು ನಮ್ಮವರು. ಎರಡೂ ಹೋದ್ರೆ ಮಾತ್ರ ಸಹಿ, ಭಾಷಣದಲ್ಲೂ ಇರಬಾರದು ಅಂತಾಯ್ತು. ಗೆರೆ ಎಳೆದವನು ನಾನೇ."

"ಒಂದ್ ಫೋನ್ ಮಾಡಕಾಗ್ನಿಲ್ವಾ?"

"ಅರ್ಧ ಗಂಟೆ ಇತ್ತು. ಮಾಡಿದ್ರೆ ನೀನು ಬೇಡ ಅಂತಿದ್ದೆ. ಅದಕ್ಕೇ ಮಾಡಲಿಲ್ಲ."

ಕಪಾಳಕ್ಕೆ ಬಾರಿಸಬೇಕೆನಿಸಿತು. ಮಧ್ಯದಲ್ಲಿ ಕಂಬಿಗಳಿದ್ದವು.

"ಈಗ್ಯಾಕ್ ಬಂದೆ? ಇನ್ನೊಂದ್ ಸಹಿ ಬೇಕಿತ್ತಾ?"

"ಸರ್ಕಾರಗಳು ಒಪ್ಪಿದವು. ನಿಮ್ಮಣ್ಣ ಸತ್ತ ಜಾಗದಲ್ಲಿ ಹೋದ ವಾರ ಬಾಂಬ್ ತೆಗೆಯೋಕೆ ಶುರುಮಾಡಿದ್ರು. ಅದಾಗೋವರೆಗೂ ಯಾವ ಮುಖ ಇಟ್ಕೊಂಡು ಬರಲಿ?"

"ಒಳ್ಳೇದಾಯ್ತು. ನಮ್ಮಣ್ಣ ಎದ್ ಬತ್ತನಾ?"

"ಇಲ್ಲ."

ಹಿಂದಿದ್ದ ಮಾದಮ್ಮ ಗೊಣಗಿದಳು: "ನಿಮ್ಮಿಬ್ರುದು ಮುಗುದ್ರೆ ನನ್ ಪಿಂಚಣಿ ಕಾಗ್ದ ನೋಡವ್ವ..."

ನಾಗೇಂದ್ರ ಕದಲಲಿಲ್ಲ. "ನಿಮ್ಮ ಸಹಿ ಮೊದಲ ದಿನವೇ ಸಿಕ್ಕಿತ್ತು, ಅರ್ಪಿತ. ಆಮೇಲೆ ಆರು ಸಲ ಬಂದೆ. ಯಾಕೆ ಅಂತ ಯೋಚನೆ ಮಾಡಿದ್ಯಾ?"

ಅವಳ ಕಣ್ಣು ಉರಿಯಿತು. ಇಲ್ಲ... ಒಮ್ಮೆಯೂ ಹಾಗೆ ಯೋಚಿಸಿರಲಿಲ್ಲ.

"ನನಗಲ್ಲ. ಬಂದು ಅವ್ವಂಗೆ ಯೋಳು."

ಸಂಜೆ ಅವರು ಹೋದಾಗ ಪುಟ್ಟತಾಯಮ್ಮ ಹಟ್ಟಿಯ ಮುಂದೆ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಅವನು ನಿಂತೇ ಎಲ್ಲ ಹೇಳಿದ. ಅವಳು ಹಾಳೆಯ ಮೇಲಿನ ಗೆರೆಯನ್ನು ಬೆರಳಿನಿಂದ ಸವರಿದಳು. ಓದಲು ಬಾರದು; ಮಗನ ಹೆಸರು ಯಾವುದೆಂದು ಅರ್ಪಿತ ತೋರಿಸಿದಳು.

"ಇದು ನನ್ ಮಗುಂದು. ಇದ್ಯಾರ್ದು?"

"ಯೂಸುಫ್ ಅಂತ, ಅಮ್ಮ. ಹತ್ತೊಂಬತ್ತು ವರ್ಷ."

"ಯೂಸೂಪ..." ಅವಳು ಮೆಲ್ಲಗೆ ಅಂದು ನೋಡಿದಳು. "ಟೀವೀಲಿ ಬತ್ತದೆ ಅಂತ ಅವ್ನವ್ವಂಗೂ ಯೋಳಿದ್ರಾ?"

"ಗೊತ್ತಿಲ್ಲಮ್ಮ. ಹೇಳಿರ್ತಾರೆ."

"ಪಾಪ್ದವ್ಳು. ಅವ್ಳೂ ವಸ ಸೀರೆ ಉಟ್ಕಂಡ್ ಕುಂತಿರ್ತಾಳೆ."

ಹಾಳೆಯನ್ನು ನಾಲ್ಕಾಗಿ ಮಡಿಚಿ ಮಗನ ಫೋಟೋದ ಹಿಂದೆ ಸಿಕ್ಕಿಸಿದಳು. ಕ್ಷಮಿಸಿದೆ ಅನ್ನಲಿಲ್ಲ. ಬೈಯಲೂ ಇಲ್ಲ. ಒಳಗೆ ಹೋಗಿ ಒಲೆ ಹೊತ್ತಿಸಿದಳು.

ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದರು. ನಾಗಮಂಗಲದ ಬಸ್ಸು ದೂರದಲ್ಲಿ ಧೂಳೆಬ್ಬಿಸುತ್ತಿತ್ತು.

"ಇನ್ನೊಂದ್ಸಲ ಅಂಗೇ ಆದ್ರೆ ಏನ್ ಮಾಡ್ತೀಯ?" ಅವಳು ಕೇಳಿದಳು.

"ಮತ್ತೆ ಗೆರೆ ಎಳೀತೀನಿ."

ಎದೆಗೆ ಮುಳ್ಳು ಚುಚ್ಚಿದಂತಾಯಿತು. ಆದರೂ... ಈ ಒಂದು ವರ್ಷದಲ್ಲಿ ಸಮಾಧಾನ ಹೇಳಲು ಬಂದವರಾರೂ ಅವಳಿಗೆ ಇಷ್ಟು ನಿಜ ಹೇಳಿರಲಿಲ್ಲ.

"ಆದ್ರೆ ಮೊದಲು ಫೋನ್ ಮಾಡ್ತೀನಿ."

"ನಾನು ಬ್ಯಾಡ ಅಂತೀನಿ."

"ಗೊತ್ತು."

"ಬಾಯ್ಗೆ ಬಂದಂಗೆ ಬೈತೀನಿ."

"ಬೈಯಿ. ಕೇಳಿಸ್ಕೊಂಡೇ ಎಳೀತೀನಿ."

ಬಸ್ಸು ಬಂದು ನಿಂತಿತು. ಅವನು ಮೆಟ್ಟಿಲ ಮೇಲೆ ಕಾಲಿಟ್ಟ. ಅವಳ ಕೈ ಅವನ ಅಂಗಿಯ ತೋಳನ್ನು ಹಿಡಿಯಿತು.

"ಹತ್ತುದ್ರೆ ಹತ್ತಿ, ಇಲ್ಲಾಂದ್ರೆ ಬುಡಿ!" ಕಂಡಕ್ಟರ್ ಕೂಗಿದ.

"ಮುಂದಿನ್ ಬಸ್ಸಿಗೆ ಬತ್ತರೆ, ನೀವ್ ಓಗಿ."

ಬಸ್ಸು ಹೊರಟಿತು.

"ಅವ್ವ ಮುದ್ದೆಗೆ ಇಟ್ಟವ್ಳೆ. ಉಂಡೋಗು." ಅವಳು ತೋಳು ಬಿಡಲಿಲ್ಲ. "ಕ್ಷಮಿಸ್ಬುಟ್ಟೆ ಅನ್ಕಬ್ಯಾಡ."

"ಅನ್ಕೊಳ್ಳಲ್ಲ."

"ಇನ್ನೂ ಸಿಟ್ಟದೆ."

"ಇರಲಿ. ನಾನೂ ಇರ್ತೀನಿ."